ಕುಟುಂಬದ ಭಾವಚಿತ್ರಗಳಲ್ಲಿ ಬಾಲ್ಯ: ಇಪ್ಪತ್ತನೆಯ ಶತಮಾನದ ನಡುಗಾಲದ ಸ್ಟುಡಿಯೋ ಛಾಯಾಚಿತ್ರವನ್ನು ಓದುವ ಬಗೆ

೧

ಹಳೆಯ ಮೈಸೂರು ಸೀಮೆಯ ಮಧ್ಯಮವರ್ಗದ ಮನೆಗಳಲ್ಲಿ, ನಡುಮನೆಯ ಗೋಡೆಯ ಮೇಲ್ಭಾಗದಲ್ಲಿ, ದೇವರ ಪಟಗಳ ಸಾಲಿಗೆ ಸ್ವಲ್ಪ ಕೆಳಗಾಗಿ, ಕಟ್ಟುಹಾಕಿಸಿದ ಛಾಯಾಚಿತ್ರಗಳು ಮುಂದಕ್ಕೆ ಬಾಗಿದಂತೆ ತೂಗಿರುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಕುರ್ಚಿಗಳಲ್ಲಿ ಹಿರಿಯರು, ಅವರ ಹಿಂದೆ ನಿಂತ ಗಂಡುಮಕ್ಕಳು ಮತ್ತು ಸೊಸೆಯಂದಿರು, ಮುಂದೆ ಜಮಖಾನದ ಮೇಲೆ ಕಾಲು ಮಡಿಚಿ ಕುಳಿತ ಚಿಕ್ಕವರು—ಇದು ಆ ಚಿತ್ರಗಳ ಸಾಮಾನ್ಯವಾದ ವಿನ್ಯಾಸ. ಶಾಸನ, ಕಡತ, ಪತ್ರವ್ಯವಹಾರ, ಜನಗಣತಿಯ ವರದಿ ಮೊದಲಾದವನ್ನು ಆಕರಗಳೆಂದು ಬಳಸುವುದರಲ್ಲಿ ನುರಿತಿರುವ ಚರಿತ್ರೆಯ ಅಭ್ಯಾಸಿಯು ಈ ಚಿತ್ರಗಳ ಮುಂದೆ ನಿಂತಾಗ ಮಾತ್ರ ಎರಡರಲ್ಲಿ ಒಂದು ತಪ್ಪನ್ನು ಮಾಡುವುದುಂಟು. ಇವು ಮನೆತನದ ನೆನಪಿನ ವಸ್ತುಗಳು, ಚರಿತ್ರೆಗೆ ಇವುಗಳಿಂದ ಪ್ರಯೋಜನವಿಲ್ಲವೆಂದು ಬದಿಗಿರಿಸುವುದು ಒಂದು ತಪ್ಪು. ಯಂತ್ರವು ತೆಗೆದದ್ದು ಸುಳ್ಳಾಗಲಾರದೆಂದು ನಂಬಿ, ಅಲ್ಲಿ ಕಂಡದ್ದನ್ನೆಲ್ಲ ಆ ಕಾಲದ ಜೀವನದ ಯಥಾವತ್ತಾದ ಪ್ರತಿಬಿಂಬವೆಂದು ಗ್ರಹಿಸುವುದು ಇನ್ನೊಂದು. ಈ ಎರಡನೆಯ ತಪ್ಪನ್ನು ಪ್ರಸ್ತುತ ಲೇಖಕನೇ ಮಾಡಿದ್ದಾನೆ. ಅದರ ವಿವರವು ಮುಂದೆ ಬರುತ್ತದೆ.

ಸುಮಾರು ೧೯೪೦ರಿಂದ ೧೯೭೦ರವರೆಗಿನ ಅವಧಿಯಲ್ಲಿ ನಮ್ಮ ಊರು ಪಟ್ಟಣಗಳ ಸ್ಟುಡಿಯೋಗಳಲ್ಲಿ ತೆಗೆಯಲಾದ ಭಾವಚಿತ್ರಗಳನ್ನು ಬಾಲ್ಯದ ಮತ್ತು ಕುಟುಂಬಜೀವನದ ಚರಿತ್ರೆಗೆ ಆಕರವಾಗಿ ಬಳಸುವುದು ಹೇಗೆ ಎಂಬುದು ಈ ಲೇಖನದ ವಿಷಯ. ಅಂಥ ಚಿತ್ರವು ಮೂರು ಕೈಗಳಿಂದ ರೂಪುಗೊಂಡದ್ದು: ಕ್ಯಾಮರಾ ಎಂಬ ಉಪಕರಣದ ಮಿತಿ, ಸ್ಟುಡಿಯೋದ ರೂಢಿ, ಕುಟುಂಬದ ನಿರ್ಣಯ. ಈ ಮೂರನ್ನೂ ಬೇರ್ಪಡಿಸಿ ನೋಡಿದ ಮೇಲೆಯೇ ಮಗುವಿನ ವಿಷಯವಾಗಿ ಚಿತ್ರವು ಏನು ಹೇಳುತ್ತದೆ, ಏನನ್ನು ಹೇಳಲಾರದು ಎಂಬುದು ತಿಳಿದೀತು.

೨

ಮೊದಲು ಉಪಕರಣವನ್ನು ಕುರಿತು. ಛಾಯಾಚಿತ್ರಣವು ಯೂರೋಪಿನಲ್ಲಿ ೧೮೩೯ರಲ್ಲಿ ಪ್ರಕಟವಾದ ಸ್ವಲ್ಪ ಕಾಲದಲ್ಲಿಯೇ ಭಾರತಕ್ಕೂ ಬಂದಿತು. ಮುಂಬಯಿಯಲ್ಲಿ ೧೮೫೪ರಲ್ಲಿಯೂ, ಮದರಾಸು ಮತ್ತು ಕಲ್ಕತ್ತೆಗಳಲ್ಲಿ ೧೮೫೬ರಲ್ಲಿಯೂ ಛಾಯಾಚಿತ್ರ ಸಂಘಗಳು ಸ್ಥಾಪಿತವಾದುವು. ಆ ಕಾಲದಲ್ಲಿ ಅದು ಅಧಿಕಾರಿಗಳ, ಅರಸುಮನೆತನಗಳ ಮತ್ತು ಸಿರಿವಂತರ ವಿಲಾಸವಾಗಿತ್ತು. ಮೊದಲೇ ಸಿದ್ಧಪಡಿಸಿ ಇಟ್ಟುಕೊಳ್ಳಬಹುದಾದ ಒಣ ಪ್ಲೇಟುಗಳು ೧೮೮೦ರ ಸುಮಾರಿನಿಂದ ಮಾರುಕಟ್ಟೆಗೆ ಬಂದ ಮೇಲೆ ಈ ವೃತ್ತಿಯು ಹರಡಲು ಅನುಕೂಲವಾಯಿತು. ಇಪ್ಪತ್ತನೆಯ ಶತಮಾನದ ನಡುಗಾಲದ ವೇಳೆಗೆ ಜಿಲ್ಲೆಯ ಮುಖ್ಯಪಟ್ಟಣಗಳಲ್ಲಿ ಮಾತ್ರವಲ್ಲದೆ ಅನೇಕ ತಾಲ್ಲೂಕು ಕೇಂದ್ರಗಳಲ್ಲಿಯೂ ಒಂದೆರಡು ಸ್ಟುಡಿಯೋಗಳು ತಲೆಯೆತ್ತಿದ್ದುವು.

ಇವುಗಳಲ್ಲಿ ಬಳಕೆಯಲ್ಲಿದ್ದುದು ಮೂರು ಕಾಲಿನ ಸ್ಟಾಂಡಿನ ಮೇಲೆ ನಿಲ್ಲಿಸಿದ ಮರದ ದೊಡ್ಡ ಕ್ಯಾಮರಾ. ಛಾಯಾಗ್ರಾಹಕನು ಕಪ್ಪು ಬಟ್ಟೆಯನ್ನು ತಲೆಯ ಮೇಲೆ ಎಳೆದುಕೊಂಡು, ಮಸೆದ ಗಾಜಿನ ಮೇಲೆ ತಲೆಕೆಳಗಾಗಿ ಕಾಣುವ ಬಿಂಬವನ್ನು ಸರಿಪಡಿಸಿಕೊಂಡು, ಅನಂತರ ಆ ಸ್ಥಳದಲ್ಲಿ ಪ್ಲೇಟನ್ನು ಸೇರಿಸಿ, ಮಸೂರದ ಮುಚ್ಚಳವನ್ನು ತೆಗೆದು, ಎಣಿಸಿ, ಮತ್ತೆ ಮುಚ್ಚುತ್ತಿದ್ದನು. ಪೂರ್ಣ ಪ್ಲೇಟಿನ ಅಳತೆ ಎಂಟೂವರೆ ಅಂಗುಲಕ್ಕೆ ಆರೂವರೆ ಅಂಗುಲ. ಅರ್ಧ ಪ್ಲೇಟು, ಕಾಲು ಪ್ಲೇಟುಗಳೂ ಇದ್ದುವು. ಬೆಳಕು ಮಂದವಾಗಿದ್ದರೆ ಒಂದೆರಡು ಸೆಕೆಂಡುಗಳ ಕಾಲವಾದರೂ ಎಲ್ಲರೂ ಅಲುಗಾಡದೆ ಇರಬೇಕಾಗುತ್ತಿತ್ತು. ದೊಡ್ಡವರಿಗೆ ಇದು ಸಾಧ್ಯ. ಎರಡು ವರ್ಷದ ಮಗುವಿಗೆ ಸಾಧ್ಯವಲ್ಲ. ಆದುದರಿಂದಲೇ ಹಳೆಯ ಗುಂಪುಚಿತ್ರಗಳಲ್ಲಿ ಎಲ್ಲರ ಮುಖವೂ ಸ್ಪಷ್ಟವಾಗಿದ್ದು ಮಗುವಿನ ಮುಖವೊಂದೇ ಮಸುಕಾಗಿರುವುದುಂಟು. ತೊಡೆಯ ಮೇಲಿನ ಮಗುವಿನ ತೋಳನ್ನು ಹಿರಿಯರೊಬ್ಬರ ಕೈ ಬಿಗಿಯಾಗಿ ಹಿಡಿದಿರುವುದೂ ಉಂಟು. ಈ ಹಿಡಿತವನ್ನು ಹಿರಿಯರ ಕಾಠಿಣ್ಯದ ಚಿಹ್ನೆಯೆಂದು ವ್ಯಾಖ್ಯಾನಿಸುವುದು ಸಾಧುವಲ್ಲ. ಅದು ಬಹುಮಟ್ಟಿಗೆ ಪ್ಲೇಟಿನ ವೇಗವನ್ನು ಕುರಿತ ಸಾಕ್ಷ್ಯ.

ಬಣ್ಣದ ವಿಷಯದಲ್ಲಿಯೂ ಎಚ್ಚರಿಕೆ ಅಗತ್ಯ. ಅಂದಿನ ಸ್ಟುಡಿಯೋಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಆರ್ಥೋಕ್ರೊಮ್ಯಾಟಿಕ್ ಪ್ಲೇಟುಗಳು ನೀಲಿ ಮತ್ತು ಹಸಿರು ಬೆಳಕಿಗೆ ಸ್ಪಂದಿಸುತ್ತಿದ್ದುವೇ ಹೊರತು ಕೆಂಪಿಗೆ ಸ್ಪಂದಿಸುತ್ತಿರಲಿಲ್ಲ. ಕತ್ತಲೆಕೋಣೆಯಲ್ಲಿ ಕೆಂಪು ದೀಪವನ್ನು ಹಚ್ಚಿಕೊಂಡು ಅವನ್ನು ತೊಳೆಯಬಹುದಾಗಿದ್ದುದು ಛಾಯಾಗ್ರಾಹಕನಿಗೆ ಅನುಕೂಲ. ಆದರೆ ಅದೇ ಕಾರಣದಿಂದ ಕೆಂಪು ವಸ್ತುವೆಲ್ಲ ಚಿತ್ರದಲ್ಲಿ ಕಪ್ಪಾಗಿ ಮೂಡುತ್ತಿತ್ತು. ತಾಯಿಯ ಹಣೆಯ ಕುಂಕುಮವು ಕರಿಯ ಬೊಟ್ಟಿನಂತೆಯೂ, ಮಗುವಿನ ಕೆಂಪು ರೇಷ್ಮೆಯ ಲಂಗವು ಕರಿಯ ಬಟ್ಟೆಯಂತೆಯೂ ಕಾಣುವುದು ಇದರಿಂದಲೇ.

ಆದರೂ ಎಲ್ಲವನ್ನೂ ಯಂತ್ರದ ತಲೆಗೆ ಕಟ್ಟುವಂತಿಲ್ಲ. ಗಂಭೀರವಾದ ಮುಖಗಳನ್ನು ಕಂಡು, ದೀರ್ಘಕಾಲ ನಿಶ್ಚಲವಾಗಿರಬೇಕಾದುದರಿಂದ ನಗು ಅಸಾಧ್ಯವಾಗಿತ್ತೆಂದು ಕೆಲವರು ಸಮಾಧಾನ ಹೇಳುತ್ತಾರೆ. ಹೆಚ್ಚು ವೇಗದ ಫಿಲ್ಮು, ವಿದ್ಯುದ್ದೀಪಗಳು ಬಂದು ಕ್ಷಣಾರ್ಧದಲ್ಲಿ ಚಿತ್ರ ತೆಗೆಯುವುದು ಸಾಧ್ಯವಾದ ಮೇಲೆಯೂ ನಮ್ಮ ಸ್ಟುಡಿಯೋ ಚಿತ್ರಗಳಲ್ಲಿ ಮುಖಗಳು ಬಹುಕಾಲ ಗಂಭೀರವಾಗಿಯೇ ಉಳಿದುವು. ಆದುದರಿಂದ ಈ ಗಾಂಭೀರ್ಯವು ಒಂದು ಮರ್ಯಾದೆ. ದೇವರ ಪಟದ ಪಕ್ಕದಲ್ಲಿ ತೂಗಲಿರುವ ಚಿತ್ರದಲ್ಲಿ ಹಲ್ಲು ಕಾಣಿಸಿಕೊಂಡಿರುವುದು ಸಭ್ಯತೆಯಲ್ಲವೆಂಬ ಭಾವನೆ ಅದರ ಹಿಂದಿದೆ. ಅಂಥ ಮುಖದಿಂದ ಮನೆಯಲ್ಲಿ ವಾತ್ಸಲ್ಯವಿರಲಿಲ್ಲವೆಂದು ಊಹಿಸುವುದು, ಮದುವೆಯ ಆಹ್ವಾನಪತ್ರಿಕೆಯ ಭಾಷೆಯನ್ನು ಓದಿ ಆ ಮನೆಯವರು ದಿನವೂ ಹಾಗೆಯೇ ಮಾತನಾಡುತ್ತಿದ್ದರೆಂದು ಊಹಿಸಿದಂತೆ.

೩

ಇನ್ನು ಸ್ಟುಡಿಯೋದ ರೂಢಿ. ಚಿತ್ರದ ಹಿನ್ನೆಲೆಯಲ್ಲಿ ಕಾಣುವ ಕಂಬಗಳು, ಮೆಟ್ಟಿಲುಗಳು, ಉದ್ಯಾನ, ಸರೋವರ ಇವೆಲ್ಲ ಬಟ್ಟೆಯ ಮೇಲೆ ಬರೆದ ಪರದೆ. ಇಂಥ ಪರದೆಗೂ ನಾಟಕ ಕಂಪನಿಗಳ ರಂಗಸಜ್ಜಿಕೆಗೂ ಹತ್ತಿರದ ಹೋಲಿಕೆಯಿದೆ. ಮುಂದೆ ಇರಿಸಿದ ಕೆತ್ತನೆಯ ಮೇಜು, ಕಾಗದದ ಹೂಗಳ ಹೂದಾನಿ, ಮೇಜಿನ ಗಡಿಯಾರ, ರೇಡಿಯೋ, ಮಗುವಿಗಾಗಿ ಮರದ ಕುದುರೆ ಅಥವಾ ಮೂರು ಗಾಲಿಯ ಸೈಕಲ್ಲು—ಇವು ಸ್ಟುಡಿಯೋದ ಸೊತ್ತುಗಳು. ಕನ್ನಡಿ, ಬಾಚಣಿಗೆ, ಪೌಡರಿನ ಡಬ್ಬಿಗಳ ಜೊತೆಗೆ ಗಿರಾಕಿಗಳ ಉಪಯೋಗಕ್ಕೆಂದು ಒಂದೆರಡು ಕೋಟುಗಳನ್ನೂ ಗೂಟಕ್ಕೆ ತಗುಲಿಸಿರುತ್ತಿದ್ದರು. ಒಂದೇ ಕೋಟು ಹಲವು ಕುಟುಂಬಗಳ ಆಲ್ಬಮ್ಮುಗಳಲ್ಲಿ ಹಲವರ ಮೈಮೇಲೆ ಕಾಣಿಸಿಕೊಳ್ಳಬಹುದಾದುದು ಹೀಗೆ.

ಹಾಗಾದರೆ ಈ ವಸ್ತುಗಳು ಚರಿತ್ರೆಗೆ ನಿರುಪಯೋಗಿಗಳೆ? ಹಾಗೆನ್ನಲಾಗದು. ಅವು ಕುಟುಂಬದ ಆಸ್ತಿಯನ್ನು ಕುರಿತು ಏನನ್ನೂ ಹೇಳುವುದಿಲ್ಲ. ಅದರ ಆಶೆಯನ್ನು ಕುರಿತು ಹೇಳುತ್ತವೆ. ಒಂದು ಉದಾಹರಣೆಯನ್ನು ಗಮನಿಸಬಹುದು. ಐದಾರು ವರ್ಷದ ಮಗುವಿನ ಕೈಗೆ ಪುಸ್ತಕವನ್ನು ಕೊಟ್ಟು ತೆಗೆದ ಚಿತ್ರಗಳು ಈ ಅವಧಿಯಲ್ಲಿ ಅಪರೂಪವಲ್ಲ. ೧೯೫೧ರ ಜನಗಣತಿಯ ಪ್ರಕಾರ ಭಾರತದಲ್ಲಿ ಅಕ್ಷರಸ್ಥರ ಪ್ರಮಾಣ ಶೇಕಡ ೧೮.೩೩, ಸ್ತ್ರೀಯರಲ್ಲಿ ಶೇಕಡ ೮.೮೬ ಮಾತ್ರ. ಈ ಅಂಕಿಗಳನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ, ಹೆಣ್ಣುಮಗುವಿನ ಕೈಯಲ್ಲಿ ಪುಸ್ತಕವನ್ನು ಇರಿಸಲು ಒಪ್ಪಿದ, ಅಥವಾ ಇರಿಸಬೇಕೆಂದು ಕೇಳಿದ ತಂದೆತಾಯಿಗಳು ಏನನ್ನು ಬಯಸಿದ್ದರೆಂಬುದು ಸ್ಪಷ್ಟವಾಗುತ್ತದೆ. ಪುಸ್ತಕವು ತಲೆಕೆಳಗಾಗಿದ್ದರೂ ಆ ಬಯಕೆಯು ಸತ್ಯವೇ.

೪

ಮೂರನೆಯದು ಕುಟುಂಬದ ನಿರ್ಣಯ. ಅಂದು ಚಿತ್ರ ತೆಗೆಸುವುದು ಖರ್ಚಿನ ವಿಷಯ. ಪ್ಲೇಟು, ಫಿಲ್ಮು, ಕಾಗದಗಳು ಬಹುಮಟ್ಟಿಗೆ ಹೊರದೇಶಗಳಿಂದ ಬರಬೇಕಾಗಿತ್ತು. ಉದಕಮಂಡಲದಲ್ಲಿ ೧೯೬೦ರಲ್ಲಿ ಸ್ಥಾಪಿತವಾದ ಸರ್ಕಾರಿ ಉದ್ಯಮವಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ತನ್ನ ಕೆಲಸವನ್ನು ಆರಂಭಿಸಿದ್ದು ೧೯೬೭ರಲ್ಲಿ. ಆದುದರಿಂದ ಸಾಧಾರಣ ಕುಟುಂಬವು ನಾಮಕರಣ, ಚೌಲ, ಉಪನಯನ, ಮದುವೆ, ಮಗನ ವರ್ಗಾವಣೆ, ಹಿರಿಯರ ಷಷ್ಟ್ಯಬ್ದಿ ಮೊದಲಾದ ಸಂದರ್ಭಗಳಲ್ಲಿ ಮಾತ್ರ ಸ್ಟುಡಿಯೋದ ಮೆಟ್ಟಿಲು ಹತ್ತುತ್ತಿತ್ತು. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯೂ ಮತ್ತು ಅವನ ಸಹೋದ್ಯೋಗಿಗಳು ೧೯೬೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕುಟುಂಬದ ಛಾಯಾಚಿತ್ರವು ಆ ಕುಟುಂಬದ ಒಗ್ಗಟ್ಟನ್ನು ಸಾರುವ ಒಂದು ವಿಧಿಯೆಂದು ಪ್ರತಿಪಾದಿಸಿದರು. ಅವರು ಗಮನಿಸಿದ್ದು ತಮ್ಮ ದೇಶದ ಹಳ್ಳಿಪಟ್ಟಣಗಳನ್ನು. ಆದರೂ ವಿಧಿ ಎಂಬ ಮಾತು ನಮ್ಮ ಸಂದರ್ಭದಲ್ಲಿ ಇನ್ನೂ ಅಕ್ಷರಶಃ ಸಲ್ಲುತ್ತದೆ.

ಕೂರುವ ಕ್ರಮವು ಈ ವಿಧಿಯ ವ್ಯಾಕರಣವಿದ್ದಂತೆ. ಕುರ್ಚಿ ಯಾರಿಗೆ, ನೆಲ ಯಾರಿಗೆ, ಅಜ್ಜನ ತೊಡೆಯ ಮೇಲೆ ಯಾವ ಮೊಮ್ಮಗು, ಹೊಸ ಸೊಸೆ ಗಂಡನ ಪಕ್ಕದಲ್ಲೋ ಅತ್ತೆಯ ಹಿಂದೆಯೋ ಎಂಬುದರಲ್ಲಿ ವಯಸ್ಸು, ಲಿಂಗ, ಬಾಂಧವ್ಯಗಳ ತಾರತಮ್ಯವು ಮೂಡಿರುತ್ತದೆ. ಆದರೆ ಇಲ್ಲಿ ಒಂದು ದೋಷಕ್ಕೆ ಅವಕಾಶವಿದೆ. ಇಪ್ಪತ್ತೈದು ಮೂವತ್ತು ಜನರ ಗುಂಪುಚಿತ್ರವನ್ನು ನೋಡಿದ ಕೂಡಲೆ ಅದನ್ನು ಅವಿಭಕ್ತ ಕುಟುಂಬದ ಸಾಕ್ಷ್ಯವೆಂದು ಎತ್ತಿಹಿಡಿಯುವುದು ರೂಢಿಯಾಗಿಬಿಟ್ಟಿದೆ. ಎಂ. ಎನ್. ಶ್ರೀನಿವಾಸರು ೧೯೪೨ರಲ್ಲಿ ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬಗಳನ್ನು ಕುರಿತೂ, ಇರಾವತಿ ಕರ್ವೆಯವರು ೧೯೫೩ರಲ್ಲಿ ಭಾರತದ ಬಂಧುತ್ವವ್ಯವಸ್ಥೆಯನ್ನು ಕುರಿತೂ ಗ್ರಂಥಗಳನ್ನು ಪ್ರಕಟಿಸಿದರು. ಒಂದೇ ಮನೆಯಲ್ಲಿ ಕೂಡಿ ಬಾಳುವವರ ಗುಂಪನ್ನೂ ವಿಶಾಲವಾದ ಬಂಧುವರ್ಗವನ್ನೂ ಬೇರೆಬೇರೆಯಾಗಿ ಎಣಿಸಬೇಕೆಂಬುದನ್ನು ಎ. ಎಂ. ಶಾ ಅವರು ೧೯೭೩ರ ತಮ್ಮ ಗ್ರಂಥದಲ್ಲಿ ವಿಶದಪಡಿಸಿದರು. ಛಾಯಾಚಿತ್ರದಲ್ಲಿ ಸೇರಿರುವವರು ಬಂಧುಗಳು. ಅವರೆಲ್ಲ ಒಂದೇ ಒಲೆಯ ಅನ್ನವನ್ನು ಉಣ್ಣುತ್ತಿದ್ದರೆಂಬುದಕ್ಕೆ ಚಿತ್ರವು ಆಧಾರವಲ್ಲ. ಮೂವರು ಅಣ್ಣತಮ್ಮಂದಿರು ಮೂರು ಊರುಗಳಲ್ಲಿ ನೌಕರಿಯಲ್ಲಿದ್ದು, ತಂಗಿಯ ಮದುವೆಗೆ ಸೇರಿದಾಗ ತೆಗೆಸಿದ ಚಿತ್ರವು ಅವಿಭಕ್ತ ಕುಟುಂಬವನ್ನು ತೋರಿಸುವುದಕ್ಕಿಂತ ಹೆಚ್ಚಾಗಿ, ಅದು ಚೆದರಿದ್ದುದರಿಂದಲೇ ಅಂದು ಚಿತ್ರ ಬೇಕಾಯಿತೆಂಬುದನ್ನು ತೋರಿಸುತ್ತಿರಬಹುದು.

೫

ಈಗ ಮಗುವಿನ ವಿಷಯಕ್ಕೆ ಬರೋಣ. ಬಾಲ್ಯದ ಚರಿತ್ರೆಗೆ ಚಿತ್ರಗಳನ್ನು ಆಧಾರವಾಗಿ ಬಳಸಿದವರಲ್ಲಿ ಫ್ರೆಂಚ್ ವಿದ್ವಾಂಸ ಫಿಲಿಪ್ ಆರಿಯೆಸ್ ಪ್ರಸಿದ್ಧನು. ೧೯೬೦ರಲ್ಲಿ ಪ್ರಕಟವಾದ ಅವನ ಗ್ರಂಥವು, ಮಧ್ಯಯುಗದ ಯೂರೋಪಿನಲ್ಲಿ ಬಾಲ್ಯವೆಂಬ ಪ್ರತ್ಯೇಕ ಭಾವನೆಯೇ ಇರಲಿಲ್ಲವೆಂದು ವಾದಿಸಿತು. ವರ್ಣಚಿತ್ರಗಳಲ್ಲಿ ಮಕ್ಕಳು ಸಣ್ಣ ಗಾತ್ರದ ದೊಡ್ಡವರಂತೆ ಕಾಣುವುದು ಅವನ ಆಧಾರಗಳಲ್ಲೊಂದು. ಲಿಂಡಾ ಪೊಲಾಕ್ ೧೯೮೩ರಲ್ಲಿ ಮುಂದಿನ ಶತಮಾನಗಳ ದಿನಚರಿ ಮತ್ತು ಆತ್ಮಕಥನಗಳನ್ನು ಪರಿಶೀಲಿಸಿ, ತಂದೆತಾಯಿಗಳ ವಾತ್ಸಲ್ಯವು ಇತ್ತೀಚಿನದೆಂಬ ಅಭಿಪ್ರಾಯವನ್ನು ಪ್ರಶ್ನಿಸಿದಳು. ಚಿತ್ರದ ರೂಢಿಯು ಬೇರೆ, ಮನೆಯೊಳಗಿನ ಭಾವವು ಬೇರೆ ಎಂಬುದೇ ಈ ವಿವಾದದಿಂದ ನಾವು ಕಲಿಯಬೇಕಾದ ಪಾಠ.

ನಮ್ಮಲ್ಲಿ ಮಗುವಿಗಾಗಿಯೇ ರೂಪುಗೊಂಡ ಚಿತ್ರದ ಒಂದು ಪ್ರಕಾರವೆಂದರೆ ಮೊಗ್ಗಿನ ಜಡೆಯ ಚಿತ್ರ. ಬಾಳೆಪಟ್ಟೆಯ ಮೇಲೆ ಮಲ್ಲಿಗೆಯ ಮೊಗ್ಗುಗಳನ್ನು ಸಾಲಾಗಿ ಹೊಲಿದು ಜಡೆಗೆ ಕಟ್ಟಿ, ಕುಚ್ಚು ಇಳಿಬಿಟ್ಟು, ರೇಷ್ಮೆಯ ಲಂಗ ತೊಡಿಸಿ, ಮೊಗ್ಗು ಅರಳುವ ಮೊದಲೇ ಹುಡುಗಿಯನ್ನು ಸ್ಟುಡಿಯೋಗೆ ಕರೆದೊಯ್ಯುತ್ತಿದ್ದರು. ಮುಖ ಮತ್ತು ಜಡೆ ಎರಡೂ ಒಂದೇ ಚಿತ್ರದಲ್ಲಿ ಬರಬೇಕಲ್ಲವೆ? ಅದಕ್ಕಾಗಿ ಬೆನ್ನ ಹಿಂದೆ ನಿಲುವುಗನ್ನಡಿಯನ್ನು ಓರೆಯಾಗಿ ಇರಿಸುತ್ತಿದ್ದರು. ಕನ್ನಡಿಯಲ್ಲಿ ಕಾಣುವುದು ಮಗುವಿಗಿಂತ ಹೆಚ್ಚಾಗಿ ತಾಯಿಯ, ಅತ್ತೆಯ, ನೆರೆಯವರ ಒಂದು ಮಧ್ಯಾಹ್ನದ ಕೈಗೆಲಸ. ಮಲ್ಲಿಗೆ ಹೇರಳವಾಗಿ ದೊರೆಯುವುದು ಬೇಸಗೆಯಲ್ಲಾದುದರಿಂದ, ತಾರೀಖಿಲ್ಲದ ಇಂಥ ಚಿತ್ರದ ಋತುವನ್ನಾದರೂ ಊಹಿಸಬಹುದು.

ಈ ಲೇಖಕನ ಅಜ್ಜಿಯ ಪೆಟ್ಟಿಗೆಯಲ್ಲಿ ಇಂಥದೊಂದು ಚಿತ್ರವಿದೆ. ಮೊಗ್ಗಿನ ಜಡೆ, ಲಂಗ, ಹಿಂದೆ ಕನ್ನಡಿ. ಮಗುವಿಗೆ ಸುಮಾರು ಮೂರು ವರ್ಷ. ಹಿಂಬದಿಯಲ್ಲಿ ಪೆನ್ಸಿಲಿನಿಂದ ‘ಏಪ್ರಿಲ್ ೧೯೫೩’ ಎಂದು ಬರೆದಿದೆ. ಮನೆಯ ಚಿತ್ರಗಳಿಗೆ ಪಟ್ಟಿ ತಯಾರಿಸುವಾಗ ಇದನ್ನು ‘ಹೆಣ್ಣುಮಗು, ಪ್ರಾಯಶಃ ಸೋದರತ್ತೆ’ ಎಂದು ನಮೂದಿಸಿದ್ದಾಯಿತು. ಸೋದರತ್ತೆ ಹುಟ್ಟಿದ್ದು ೧೯೫೪ರಲ್ಲಿ. ಆದರೂ ಚಿತ್ರವು ಅಷ್ಟು ಸ್ಪಷ್ಟವಾಗಿದ್ದುದರಿಂದ, ತಾರೀಖನ್ನು ಯಾರೋ ಅನಂತರ ತಪ್ಪಾಗಿ ಬರೆದಿರಬೇಕೆಂದು ಭಾವಿಸಿ, ಅದರ ಎದುರಿಗೆ ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಲಾಯಿತು. ಎರಡು ವರ್ಷಗಳ ಬಳಿಕ, ಎಂಬತ್ತೈದು ದಾಟಿದ್ದ ಅಜ್ಜಿಯ ತಂಗಿಗೆ ಆ ಚಿತ್ರವನ್ನು ತೋರಿಸಿದಾಗ, ಆಕೆ ಅದನ್ನು ಬೆಳಕಿಗೆ ಹಿಡಿದು, “ಇದು ನಿಮ್ಮತ್ತೆ ಅಲ್ಲಪ್ಪ, ನಿಮ್ಮ ದೊಡ್ಡಪ್ಪ. ಚೌಲಕ್ಕೆ ಮುಂಚೆ ಜಡೆ ಹಾಕಿ ತೆಗೆಸಿದ್ದು. ಜಡೆ ಹೆಣೆದವಳು ನಾನೇ” ಎಂದರು. ಚೌಲದಲ್ಲಿ ಕೂದಲು ಹೋಗುವುದಕ್ಕೆ ಮೊದಲು ಗಂಡುಮಗುವಿಗೆ ಒಮ್ಮೆ ಹೆಣ್ಣಿನ ಅಲಂಕಾರ ಮಾಡಿ ಚಿತ್ರ ತೆಗೆಸುವ ರೂಢಿ ನಮ್ಮ ಕಡೆಯ ಅನೇಕ ಮನೆಗಳಲ್ಲಿ ಇತ್ತು. ಆ ಮಗು ಮರುವರ್ಷ ಜ್ವರದಿಂದ ತೀರಿಕೊಂಡಿತಂತೆ. ನಮ್ಮ ತಂದೆಗೆ ಒಬ್ಬ ಅಣ್ಣನಿದ್ದನೆಂಬುದು ಮನೆಯ ಮಾತಿನಲ್ಲಿ ಎಂದೂ ಬಂದಿರಲಿಲ್ಲ. ತೀರಿಕೊಂಡ ಹಿರಿಯರ ಚಿತ್ರಗಳು ಹಾರ ಹಾಕಿಸಿಕೊಂಡು ಗೋಡೆಯ ಮೇಲಿದ್ದುವು; ಈ ಚಿತ್ರವು ಪೆಟ್ಟಿಗೆಯಲ್ಲಿ, ಸೀರೆಗಳ ಅಡಿಯಲ್ಲಿ ಇತ್ತು. ಪೆನ್ಸಿಲಿನ ತಾರೀಖು ಸರಿಯಾಗಿಯೇ ಇತ್ತು.

ಚಿತ್ರದಲ್ಲಿ ಸುಳ್ಳೇನೂ ಇರಲಿಲ್ಲ. ಕಣ್ಣಿಗೆ ಕಂಡದ್ದಕ್ಕೆ ಹೊಂದದ ಲಿಖಿತ ಸಾಕ್ಷ್ಯವನ್ನು ತಳ್ಳಿಹಾಕಿದ್ದು ಓದಿದವನ ದೋಷ. ಯಾವ ಶಾಸನದ ತೇದಿಯನ್ನೂ ಇಷ್ಟು ಸುಲಭವಾಗಿ ತಿದ್ದಲು ನಾವು ಧೈರ್ಯಮಾಡುವುದಿಲ್ಲ.

ಬಾಲ್ಯದ ಕೊನೆಯನ್ನು ಕುರಿತೂ ಆಲ್ಬಮ್ಮು ಕೆಲವು ಸಂಗತಿಗಳನ್ನು ತಿಳಿಸುತ್ತದೆ. ಲಂಗ ತೊಟ್ಟ ಹುಡುಗಿಯ ಚಿತ್ರದ ಮುಂದಿನ ಪುಟದಲ್ಲಿಯೇ ಸೀರೆಯುಟ್ಟು, ಮೇಜಿನ ಅಂಚಿಗೆ ಕೈಯೂರಿ ನಿಂತ ಅದೇ ಹುಡುಗಿ ಕಾಣುತ್ತಾಳೆ; ಎರಡನೆಯದು ವರನ ಕಡೆಯವರಿಗೆ ಕಳುಹಿಸಲೆಂದು ತೆಗೆಸಿದ್ದಾಗಿರಬಹುದು. ಹುಡುಗಿಯರ ವಿವಾಹಕ್ಕೆ ೧೯೨೯ರ ಶಾಸನವು ಕನಿಷ್ಠ ಹದಿನಾಲ್ಕು ವರ್ಷಗಳನ್ನು ಗೊತ್ತುಮಾಡಿತು. ೧೯೪೯ರಲ್ಲಿ ಅದು ಹದಿನೈದಕ್ಕೂ, ೧೯೭೮ರಲ್ಲಿ ಹದಿನೆಂಟಕ್ಕೂ ಏರಿತು. ಈ ಎರಡು ಚಿತ್ರಗಳ ನಡುವಣ ವರ್ಷಗಳನ್ನು ಹಲವು ಕುಟುಂಬಗಳಲ್ಲಿ ಎಣಿಸಿ ನೋಡಿದರೆ, ಶಾಸನದ ಬದಲಾವಣೆಯು ಮನೆಯೊಳಗೆ ಎಷ್ಟರಮಟ್ಟಿಗೆ ಮುಟ್ಟಿತೆಂಬುದನ್ನು ಪರೀಕ್ಷಿಸಲು ಒಂದು ದಾರಿಯಾದೀತು.

೬

ಚಿತ್ರದಲ್ಲಿ ಇರುವವರಷ್ಟೇ ಇಲ್ಲದವರೂ ಮುಖ್ಯ. ೧೯೪೧-೫೧ರ ದಶಕದಲ್ಲಿ ಭಾರತದಲ್ಲಿ ಹುಟ್ಟಿದ ಮಗುವಿನ ನಿರೀಕ್ಷಿತ ಆಯುಸ್ಸು ಸುಮಾರು ೩೨ ವರ್ಷ. ೧೯೫೧ರ ಸುಮಾರಿನಲ್ಲಿ ಜೀವಂತವಾಗಿ ಜನಿಸಿದ ಸಾವಿರ ಶಿಶುಗಳಲ್ಲಿ ಸುಮಾರು ೧೪೬ ಮೊದಲ ವರ್ಷದಲ್ಲಿಯೇ ತೀರಿಕೊಳ್ಳುತ್ತಿದ್ದುವೆಂಬುದು ಅಂಗೀಕೃತವಾದ ಅಂದಾಜು. ಅವುಗಳಲ್ಲಿ ಬಹುಪಾಲು ಶಿಶುಗಳ ಯಾವ ಚಿತ್ರವೂ ಉಳಿದಿಲ್ಲ. ಗುಂಪುಚಿತ್ರದಲ್ಲಿ ಇಬ್ಬರು ಮಕ್ಕಳ ವಯಸ್ಸಿನ ನಡುವೆ ಐದಾರು ವರ್ಷಗಳ ಅಂತರ ಕಂಡಲ್ಲಿ, ಅದಕ್ಕೆ ಕಾರಣವೇನೆಂದು ವಿಚಾರಿಸುವುದು ಅಭ್ಯಾಸಿಯ ಕರ್ತವ್ಯ. ಹಾಗೆಯೇ ಮಂಗಳಕಾರ್ಯದ ಚಿತ್ರಗಳಿಂದ ದೂರ ಉಳಿದ ವಿಧವೆಯರು—ಬಹುವೇಳೆ ಆ ಮಕ್ಕಳನ್ನು ಎತ್ತಿ ಬೆಳೆಸಿದವರು ಅವರೇ—ಚೌಕಟ್ಟಿನ ಹೊರಗೆ ನಿಂತಿರುತ್ತಾರೆ. ಚಿತ್ರ ತೆಗೆಸಿದರೆ ಆಯುಸ್ಸು ಕಡಮೆಯಾಗುವುದೆಂಬ ಭಯದಿಂದ ದೂರವಿದ್ದವರೂ ಉಂಟು. ಎಲ್ಲಕ್ಕಿಂತ ಹೆಚ್ಚಾಗಿ, ದನ ಕಾಯುತ್ತಿದ್ದ, ಬೀಡಿ ಸುತ್ತುತ್ತಿದ್ದ, ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಮಕ್ಕಳಿಗೆ ಸ್ಟುಡಿಯೋದ ಬಾಗಿಲು ತೆರೆದದ್ದೇ ಇಲ್ಲ. ಕುಟುಂಬದ ಆಲ್ಬಮ್ಮುಗಳನ್ನು ಮಾತ್ರ ನಂಬಿ ಬರೆದ ಬಾಲ್ಯದ ಚರಿತ್ರೆಯು ಲಂಗ, ಕೋಟು ತೊಟ್ಟವರ ಚರಿತ್ರೆಯಾದೀತು.

ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿಕೊಡುವವರು ಸ್ಟುಡಿಯೋದ ಹೊರಗೆ ಕೆಲಸಮಾಡಿದ ಪತ್ರಿಕಾ ಛಾಯಾಗ್ರಾಹಕರು. ೧೯೨೩ರಲ್ಲಿ ಮೈಸೂರಿನಲ್ಲಿ ಜನಿಸಿದ ಟಿ. ಎಸ್. ಸತ್ಯನ್ ಅವರು ಬೀದಿಯಲ್ಲಿ, ಶಾಲೆಯಲ್ಲಿ, ಕೆಲಸದ ತಾಣಗಳಲ್ಲಿ ಮಕ್ಕಳನ್ನು ಅವರಿದ್ದಂತೆಯೇ ಸೆರೆಹಿಡಿದರು. ೧೯೭೯ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದ ಸಂದರ್ಭದಲ್ಲಿ, ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಅವರ ಚಿತ್ರಗಳ ಪ್ರದರ್ಶನವು ಯುನಿಸೆಫ್ ಆಶ್ರಯದಲ್ಲಿ ನಡೆಯಿತು. ಅಲ್ಲಿ ಮಗುವಿನ ಭಂಗಿಯನ್ನು ನಿರ್ಣಯಿಸಿದವರು ತಂದೆತಾಯಿಗಳಲ್ಲ. ಯಾವ ಕ್ಷಣವನ್ನು ಆರಿಸಬೇಕೆಂಬುದನ್ನು ಮಾತ್ರ ಛಾಯಾಗ್ರಾಹಕನೇ ನಿರ್ಣಯಿಸಿದನು. ಆದುದರಿಂದ ಅಂಥ ಚಿತ್ರಗಳನ್ನೂ ಪ್ರಶ್ನಿಸಿಯೇ ಓದಬೇಕು. ಪ್ರಶ್ನೆಗಳು ಬೇರೆ, ಅಷ್ಟೆ.

೭

ಮೇಲಣ ವಿವೇಚನೆಯಿಂದ ಕೆಲವು ಸೂಚನೆಗಳು ದೊರೆಯುತ್ತವೆ. ಚಿತ್ರದ ಮುಂಭಾಗಕ್ಕಿಂತ ಮೊದಲು ಹಿಂಭಾಗವನ್ನು ನೋಡಬೇಕು: ಸ್ಟುಡಿಯೋದ ಮುದ್ರೆ, ನೆಗೆಟಿವಿನ ಸಂಖ್ಯೆ, ಕೈಬರಹ ಇವನ್ನು ಇದ್ದಂತೆಯೇ ನಕಲು ಮಾಡಿಕೊಳ್ಳಬೇಕು. ಚಿತ್ರವು ಗೋಡೆಯ ಮೇಲಿತ್ತೋ, ಆಲ್ಬಮ್ಮಿನಲ್ಲಿತ್ತೋ, ಪೆಟ್ಟಿಗೆಯಲ್ಲಿತ್ತೋ ಎಂಬುದನ್ನು ಬರೆದಿಡಬೇಕು. ಇಟ್ಟ ಸ್ಥಳವೂ ಒಂದು ಸಾಕ್ಷ್ಯ. ಆಲ್ಬಮ್ಮಿನಿಂದ ಚಿತ್ರಗಳನ್ನು ಕಿತ್ತು ವಿಷಯಾನುಸಾರವಾಗಿ ಜೋಡಿಸಬಾರದು. ಮನೆಯವರು ಇಟ್ಟ ಅನುಕ್ರಮವೇ ಅವರು ತಮ್ಮ ಕಥೆಯನ್ನು ಹೇಳಿಕೊಂಡ ಕ್ರಮ. ಕೊನೆಯದಾಗಿ, ಚಿತ್ರವನ್ನು ಬಲ್ಲವರ ಕೈಗೆ ಕೊಟ್ಟು ಅವರ ಮಾತನ್ನು ಕೇಳಬೇಕು. ‘ಇವರು ಯಾರು?’ ಎಂಬುದಕ್ಕೆ ಮುಂಚೆ ‘ಅಂದು ಏನು ನಡೆಯಿತು?’ ಎಂದು ಕೇಳುವುದು ಹೆಚ್ಚು ಫಲಕಾರಿ.

ಈ ಕೊನೆಯ ಕಾರ್ಯಕ್ಕೆ ಕಾಲಾವಕಾಶವು ಕಡಮೆಯಿದೆ. ೧೯೫೦ರಲ್ಲಿ ಐದು ವರ್ಷದವರಾಗಿ ಕ್ಯಾಮರಾದ ಮುಂದೆ ಕುಳಿತವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಅವರಿಗೆ ಜಡೆ ಹೆಣೆದವರು ಬಹುಮಂದಿ ಉಳಿದಿಲ್ಲ. ಹಳೆಯ ಸ್ಟುಡಿಯೋಗಳು ಮುಚ್ಚಿದಾಗ ಗಾಜಿನ ನೆಗೆಟಿವುಗಳು ಗುಜರಿಗೆ ಹೋಗುತ್ತವೆ. ಕಾಗದದ ಮೇಲಿನ ಮುಖವು ಇನ್ನೂ ನೂರು ವರ್ಷ ಉಳಿಯಬಹುದು. ಅದು ಯಾರ ಮುಖವೆಂದು ಹೇಳಬಲ್ಲವರು ಉಳಿಯುವುದಿಲ್ಲ.

ನಮ್ಮ ವಿದ್ಯಾರ್ಥಿಗಳು ಬೇಸಗೆಯ ರಜೆಗೆ ಊರಿಗೆ ಹೋದಾಗ, ತಮ್ಮ ಮನೆಯ ಅತ್ಯಂತ ಹಿರಿಯರ ಪಕ್ಕದಲ್ಲಿ ಒಂದು ಮಧ್ಯಾಹ್ನ ಕುಳಿತು, ಪೆಟ್ಟಿಗೆಯ ತಳದಿಂದ ಚಿತ್ರಗಳನ್ನು ತೆಗೆಸಿ, ಒಂದೊಂದರ ಹಿಂದೆಯೂ ಹೆಸರು, ಊರು, ವರ್ಷಗಳನ್ನು ಮೆದುವಾದ ಪೆನ್ಸಿಲಿನಿಂದ ಬರೆದಿಟ್ಟರೆ, ಅದು ಬಾಲ್ಯದ ಚರಿತ್ರೆಗೆ ಸಲ್ಲಿಸಿದ ಪ್ರಾಮಾಣಿಕವಾದ ಸೇವೆಯಾಗುತ್ತದೆ. ಪ್ರಸ್ತುತ ಲೇಖಕನ ಪಟ್ಟಿಯಲ್ಲಿ ಆ ಪ್ರಶ್ನಾರ್ಥಕ ಚಿಹ್ನೆಯನ್ನು ಈಗ ಅಳಿಸಲಾಗಿದೆ; ಅದರ ಎದುರಿಗೆ ಒಂದು ಗಂಡುಮಗುವಿನ ಹೆಸರಿದೆ.